ನಾಲ್ಕು ಗಂಟೆ ಮೀರಬೇಡಿ: ನಿಮಿರು ದೌರ್ಬಲ್ಯಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುವ ಗಂಡಸರಿಗೆ ಒಂದು ಬಹಿರಂಗ ಪತ್ರ

ಅಣ್ಣಂದಿರೇ, ತಮ್ಮಂದಿರೇ,

ಸಕ್ಕರೆ ಕಾಯಿಲೆ ನರಗಳನ್ನು ತಿಂದಮೇಲೆ, ಪ್ರಾಸ್ಟೇಟ್ ಆಪರೇಷನ್ ಆದಮೇಲೆ, ಬೆನ್ನುಹುರಿಗೆ ಪೆಟ್ಟು ಬಿದ್ದಮೇಲೆ ಅಥವಾ ಮಾತ್ರೆಗಳು ಕೈಕೊಟ್ಟಮೇಲೆ ಶಿಶ್ನಕ್ಕೆ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಿರುವ ನಿಮ್ಮೆಲ್ಲರಿಗೂ ಈ ಪತ್ರ. ಚುಚ್ಚಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೂ ಇದು ಸೇರಬೇಕು. ಹೆಸರು ಹಿಡಿದು ಬರೆಯುವಂತಿಲ್ಲ, ನೀವೂ ಹೆಸರು ಹೇಳಿಕೊಳ್ಳುವವರಲ್ಲ. ಆದ್ದರಿಂದ ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ. ಆಸ್ಪತ್ರೆಯಲ್ಲಿ ನೀವೆಲ್ಲ ‘ಬ್ರದರ್’ ಎಂದು ಕರೆಯುವ ಗಂಡು ನರ್ಸು. ವೃತ್ತಿಯ ಬಹುಪಾಲು ರಾತ್ರಿಪಾಳಿಯ ಕ್ಯಾಷುಯಲ್ಟಿಯಲ್ಲಿ ಕಳೆಯಿತು. ಈ ಇಂಜೆಕ್ಷನ್ ತೆಗೆದುಕೊಂಡು ತೊಂದರೆಗೆ ಸಿಕ್ಕಿದವರನ್ನು ಅಲ್ಲಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ಬಂದದ್ದು ತಡವಾಗಿ, ಬಂದಮೇಲೂ ಕಾಯಿಲೆಯ ಹೆಸರು ಹೇಳಲಿಲ್ಲ. ಒಬ್ಬರು ಚೀಟಿಯಲ್ಲಿ ಹೊಟ್ಟೆನೋವು ಎಂದು ಬರೆಸಿದರು. ಇನ್ನೊಬ್ಬರು ಮೂತ್ರ ಕಟ್ಟಿದೆ ಎಂದರು; ನಳಿಕೆ ಹಾಕಲು ಬಟ್ಟೆ ಸರಿಸಿದಾಗಲೇ ನಮಗೆ ಗೊತ್ತಾದದ್ದು. ಹಿಂದಿನ ರಾತ್ರಿ ಒಂಬತ್ತಕ್ಕೆ ಚುಚ್ಚಿಕೊಂಡಿದ್ದ ಅವರು ಮರುದಿನ ಮಧ್ಯಾಹ್ನದವರೆಗೆ ಹಲ್ಲು ಕಚ್ಚಿಕೊಂಡು ಮನೆಯಲ್ಲೇ ಇದ್ದರು. ಪ್ರಾಣ ಉಳಿಯಿತು. ಯಾವುದಕ್ಕಾಗಿ ಆ ಸೂಜಿ ಹಿಡಿದಿದ್ದರೋ ಅದು ಮಾತ್ರ ಉಳಿಯಲಿಲ್ಲ. ರಾತ್ರಿ ಒಂದು ಗಂಟೆಗೇ ಬಂದಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು. ನಾನು ಬರೆಯಲು ಕೂತಿರುವುದು ಈ ಒಂದು ಮಾತಿಗಾಗಿ. ಉಳಿದದ್ದೆಲ್ಲ ಇದರ ಹಿಂದೆ ಮುಂದೆ ಬರುವ ವಿವರ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಈ ಚಿಕಿತ್ಸೆ ಕಳ್ಳಮದ್ದಲ್ಲ, ನಕಲಿ ವಿದ್ಯೆಯೂ ಅಲ್ಲ. 1982ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ರೊನಾಲ್ಡ್ ವಿರಾಗ್, ಪಾಪವೆರಿನ್ ಎಂಬ ಔಷಧವನ್ನು ಶಿಶ್ನದೊಳಕ್ಕೆ ಚುಚ್ಚಿದರೆ ನಿಮಿರುವಿಕೆ ಬರುತ್ತದೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಅಮೆರಿಕದ ಲಾಸ್ ವೇಗಸ್ಸಿನಲ್ಲಿ ನಡೆದ ಮೂತ್ರರೋಗ ತಜ್ಞರ ಸಮ್ಮೇಳನದಲ್ಲಿ ಬ್ರಿಟಿಷ್ ಶರೀರವಿಜ್ಞಾನಿ ಜೈಲ್ಸ್ ಬ್ರಿಂಡ್ಲಿ ತಮ್ಮ ಉಪನ್ಯಾಸಕ್ಕೆ ಮುಂಚೆ ತಮಗೇ ಚುಚ್ಚಿಕೊಂಡು, ಫಲಿತಾಂಶವನ್ನು ತುಂಬಿದ ಸಭೆಗೆ ತೋರಿಸಿದರು. ಅಲ್ಲಿಯವರೆಗೆ ಇದನ್ನು ಬರೀ ಮನಸ್ಸಿನ ಕಾಯಿಲೆ ಎನ್ನುತ್ತಿದ್ದವರು ದೇಹದ ಕಡೆ ತಿರುಗಿ ನೋಡುವಂತಾಯಿತು. 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಲ್ಪ್ರೊಸ್ಟಡಿಲ್ ಎಂಬ ಔಷಧದ ಇಂಜೆಕ್ಷನ್ನನ್ನು ನಿಮಿರು ದೌರ್ಬಲ್ಯಕ್ಕೆ ಬಳಸಲು ಒಪ್ಪಿಗೆ ಕೊಟ್ಟಿತು. ಎಲ್ಲರೂ ಹೆಸರು ಕೇಳಿರುವ ವಯಾಗ್ರ ಮಾತ್ರೆ ಬಂದದ್ದು ಅದಾದ ಮೂರು ವರ್ಷಕ್ಕೆ, 1998ರಲ್ಲಿ. ಇದೇ ಅಲ್ಪ್ರೊಸ್ಟಡಿಲನ್ನು ಹುಟ್ಟುವಾಗಲೇ ಹೃದಯದ ದೋಷವಿರುವ ಕೂಸುಗಳಿಗೆ, ಆಪರೇಷನ್ ಆಗುವ ತನಕ ಜೀವ ಹಿಡಿದಿಡಲು ಕೊಡುತ್ತಾರೆ. ಅಂಥ ಮರ್ಯಾದಸ್ಥ ಔಷಧವನ್ನು ಬಳಸುತ್ತಿರುವ ನೀವು ತಲೆತಗ್ಗಿಸುವ ಕೆಲಸವನ್ನೇನೂ ಮಾಡುತ್ತಿಲ್ಲ. ಪಾಪವೆರಿನ್ ಮೂಲದಲ್ಲಿ ಅಫೀಮಿನಿಂದ ಬಂದದ್ದು ನಿಜ, ಆದರೆ ಅದಕ್ಕೆ ಅಮಲೂ ಇಲ್ಲ, ಚಟವೂ ಹತ್ತುವುದಿಲ್ಲ.

ಮಾತ್ರೆಗೂ ಇಂಜೆಕ್ಷನ್ನಿಗೂ ಇರುವ ವ್ಯತ್ಯಾಸವೇ ಇದರ ಗುಣಕ್ಕೂ ಅಪಾಯಕ್ಕೂ ಮೂಲ. ಮಾತ್ರೆ ಕೆಲಸ ಮಾಡಬೇಕಾದರೆ ಮನಸ್ಸಿನಲ್ಲಿ ಆಸೆ ಹುಟ್ಟಬೇಕು, ನರಗಳು ಆ ಸುದ್ದಿಯನ್ನು ಕೆಳಗೆ ಒಯ್ಯಬೇಕು. ಸಕ್ಕರೆ ಕಾಯಿಲೆಯಲ್ಲೋ ಆಪರೇಷನ್ನಿನಲ್ಲೋ ನರ ಕೆಟ್ಟಿದ್ದರೆ ಮಾತ್ರೆ ನುಂಗಿದರೂ ಸುದ್ದಿ ತಲುಪುವುದಿಲ್ಲ. ಇಂಜೆಕ್ಷನ್ನಿಗೆ ನರದ ಹಂಗಿಲ್ಲ. ನೇರವಾಗಿ ಶಿಶ್ನದೊಳಗಿನ ಸ್ಪಂಜಿನಂಥ ಅಂಗಾಂಶವನ್ನು ಸಡಿಲಿಸುತ್ತದೆ. ರಕ್ತ ನುಗ್ಗಿ ಬರುತ್ತದೆ, ಹಿಗ್ಗಿದ ಅಂಗಾಂಶವೇ ಹೊರಹೋಗುವ ರಕ್ತನಾಳಗಳನ್ನು ಒತ್ತಿ ಹಿಡಿಯುತ್ತದೆ: ಕೆರೆಗೆ ಕಾಲುವೆ ಬಿಟ್ಟು ತೂಬು ಮುಚ್ಚಿದ ಹಾಗೆ. ಐದು ಹತ್ತು ನಿಮಿಷಕ್ಕೆ ನಿಮಿರುತ್ತದೆ. ಪ್ರಮಾಣ ಸರಿಯಾಗಿದ್ದರೆ ಸುಮಾರು ಒಂದು ಗಂಟೆಯೊಳಗೆ ಇಳಿಯುತ್ತದೆ. ವೀರ್ಯ ಹೋದಮೇಲೂ, ಆಸೆ ತೀರಿದಮೇಲೂ ಔಷಧದ ಜೋರು ಇರುವವರೆಗೆ ಇಳಿಯದೆ ಇರಬಹುದು, ಏಕೆಂದರೆ ಅದು ಆಸೆಯ ಮಾತು ಕೇಳಿ ಬಂದದ್ದಲ್ಲ.

ಪ್ರಮಾಣ ಹೆಚ್ಚಾದರೆ ತೂಬು ತೆರೆಯುವುದೇ ಇಲ್ಲ. ಇದನ್ನು ವೈದ್ಯರು ‘ಪ್ರಯಾಪಿಸಂ’ ಎನ್ನುತ್ತಾರೆ. ಒಳಗೆ ಸಿಕ್ಕಿಕೊಂಡ ರಕ್ತಕ್ಕೆ ಹೊಸ ಆಮ್ಲಜನಕ ಸಿಗುವುದಿಲ್ಲ. ಹೊತ್ತು ಕಳೆದಂತೆ ಅದು ಕಪ್ಪಾಗುತ್ತದೆ, ದಪ್ಪವಾಗುತ್ತದೆ, ಆಮ್ಲವಾಗುತ್ತದೆ, ಸುತ್ತಲಿನ ಸ್ನಾಯು ಉಸಿರುಕಟ್ಟಿ ಸಾಯತೊಡಗುತ್ತದೆ. ನಾಲ್ಕು ಗಂಟೆಯವರೆಗೆ ಹಾನಿ ಕಡಿಮೆ. ಅಲ್ಲಿಂದ ಮುಂದೆ ಪ್ರತಿ ಗಂಟೆಯೂ ನಷ್ಟದ್ದೇ. ಒಂದು ದಿನ ಕಳೆಯುವಷ್ಟರಲ್ಲಿ ಗಾಯ ಶಾಶ್ವತವಾಗುವ ಹಂತಕ್ಕೆ ಬರುತ್ತದೆ. ಮೂವತ್ತಾರು ಗಂಟೆ ದಾಟಿದವರಲ್ಲಿ ಮತ್ತೆ ಸಹಜ ನಿಮಿರುವಿಕೆ ಬರುವುದು ಬಹಳ ಅಪರೂಪ. ಒಳಗಿನ ಸ್ಪಂಜು ಗಟ್ಟಿ ನಾರಾಗಿರುತ್ತದೆ, ಅಂಗ ಚಿಕ್ಕದೂ ಆಗಬಹುದು.

ಸಮಯಕ್ಕೆ ಬಂದರೆ ಮಾಡುವುದೇನೆಂದು ಹೇಳುತ್ತೇನೆ, ಹೆದರಿಕೆ ಕಡಿಮೆಯಾಗಲಿ. ಮೊದಲು ಆ ಜಾಗವನ್ನು ಮರಗಟ್ಟಿಸುತ್ತಾರೆ. ಪಕ್ಕದಿಂದ ಸೂಜಿ ಹಾಕಿ ಸಿಕ್ಕಿಕೊಂಡ ಕಪ್ಪು ರಕ್ತವನ್ನು ಸಿರಿಂಜಿನಲ್ಲಿ ಎಳೆಯುತ್ತಾರೆ. ಬಳಿಕ ಫಿನೈಲೆಫ್ರಿನ್ ಎಂಬ ಔಷಧವನ್ನು ತೀರ ಸಣ್ಣ ಪ್ರಮಾಣದಲ್ಲಿ, ಮೂರರಿಂದ ಐದು ನಿಮಿಷಕ್ಕೊಮ್ಮೆ ಕೊಡುತ್ತಾ ಬಿಪಿ ನೋಡುತ್ತಿರುತ್ತಾರೆ. ಅದು ರಕ್ತನಾಳವನ್ನು ಬಿಗಿದು, ಬಂದ ರಕ್ತ ಹೋಗಲು ದಾರಿ ಮಾಡುತ್ತದೆ. ಇದು ಅಪರೂಪದ ಔಷಧವಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ವೈದ್ಯರಿಗೆ ಚೆನ್ನಾಗಿ ಪರಿಚಯವಿರುವಂಥದ್ದು. ಬೇಗ ಬಂದವರಲ್ಲಿ ಬಹುಪಾಲು ಜನರಿಗೆ ಇಷ್ಟಕ್ಕೇ ಇಳಿಯುತ್ತದೆ. ತಡವಾಗಿ ಬಂದವರಿಗೆ ಮಾತ್ರ ಆಪರೇಷನ್ ಮಾಡಿ ರಕ್ತಕ್ಕೆ ಬೇರೆ ದಾರಿ ಕೊಡಬೇಕಾಗುತ್ತದೆ.

ಹಾಗಾದರೆ ಜನ ಮನೆಯಲ್ಲೇ ಏಕೆ ಕೂರುತ್ತಾರೆ? ಕಾರಣಗಳನ್ನು ಅವರ ಬಾಯಲ್ಲೇ ಕೇಳಿದ್ದೇನೆ. “ಬೆಳಗಾಗೋ ಹೊತ್ತಿಗೆ ಇಳಿಯುತ್ತೆ ಅಂದ್ಕೊಂಡೆ.” “ಅಲ್ಲಿ ಸಿಸ್ಟರ್‌ಗಳಿರ್ತಾರಲ್ಲ, ಹೆಂಗೆ ತೋರಿಸೋದು?” “ಪೊಲೀಸ್ ಕೇಸ್ ಆಗುತ್ತೇನೋ ಅಂತ.” “ಮಗಳ ಮದುವೆ ಮಾತುಕತೆ ನಡೀತಿದೆ, ಸುದ್ದಿ ಹೊರಗೆ ಹೋದ್ರೆ?” ಒಂದೊಂದಕ್ಕೂ ಉತ್ತರವಿದೆ. ನಾಲ್ಕು ಗಂಟೆ ದಾಟಿದ್ದು ತಾನಾಗಿ ಇಳಿಯುತ್ತದೆ ಎಂದು ನಂಬಿ ಕೂರುವುದು ಜೂಜು. ಹೆರಿಗೆ, ಮೂಲವ್ಯಾಧಿ, ಸುಟ್ಟ ಗಾಯ ಎಲ್ಲವನ್ನೂ ದಿನವೂ ನೋಡುವ ಸಿಸ್ಟರುಗಳ ಕಣ್ಣಿಗೆ ನಿಮ್ಮದು ಇನ್ನೊಂದು ತುರ್ತು ಕೆಲಸ, ಅಷ್ಟೇ. ಗಂಡು ಸಿಬ್ಬಂದಿ ಬೇಕೆಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಔಷಧದ ಅಡ್ಡಪರಿಣಾಮ ಅಪರಾಧವಲ್ಲ. ರೋಗಿಯ ಗುಟ್ಟನ್ನು ಕಾಯಬೇಕೆಂದು 2002ರ ವೈದ್ಯಕೀಯ ನೀತಿಸಂಹಿತೆಯೇ ಹೇಳುತ್ತದೆ. ಬ್ರಿಂಡ್ಲಿಯವರು ತುಂಬಿದ ಸಭೆಯ ಮುಂದೆ ನಿಂತರು. ನೀವು ಪರದೆಯ ಹಿಂದೆ ಒಬ್ಬ ವೈದ್ಯರಿಗೆ ತೋರಿಸಿದರೆ ಸಾಕು.

ದೂರದ ಲೆಕ್ಕವನ್ನೂ ಇಟ್ಟುಕೊಳ್ಳಿ. ಪುಸ್ತಕದಲ್ಲಿರುವ ನಾಲ್ಕು ಗಂಟೆ ಆಸ್ಪತ್ರೆಯ ಪಕ್ಕದಲ್ಲಿ ಮನೆಯಿರುವವರ ಲೆಕ್ಕ. ಮಲೆನಾಡಿನ ಒಂಟಿಮನೆಯಲ್ಲಿದ್ದರೆ, ಜಿಲ್ಲಾಸ್ಪತ್ರೆಗೆ ಒಂದೂವರೆ ಗಂಟೆ ದಾರಿಯಿದ್ದರೆ, ಚುಚ್ಚಿಕೊಂಡು ಎರಡೂವರೆ ಗಂಟೆಯಾಗುತ್ತಲೇ ಹೊರಟುಬಿಡಿ. ದಾರಿಯಲ್ಲಿ ಇಳಿದರೆ ವಾಪಸ್ ಹೋಗಿ, ನಷ್ಟವೇನಿಲ್ಲ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಒಂದು ಡೋಸ್ ಸಾಲಲಿಲ್ಲವೆಂದು ಅದೇ ರಾತ್ರಿ ಇನ್ನೊಂದನ್ನು ಚುಚ್ಚಿಕೊಳ್ಳುವುದು, ಇಂಜೆಕ್ಷನ್ನಿನ ಜೊತೆಗೆ ಮಾತ್ರೆಯನ್ನೂ ನುಂಗುವುದು, ಇವೇ ಬಹಳ ಜನರನ್ನು ನಮ್ಮ ಬಾಗಿಲಿಗೆ ತಂದವು. ಎರಡು ಇಂಜೆಕ್ಷನ್ನಿನ ನಡುವೆ ಕನಿಷ್ಠ 24 ಗಂಟೆ ಇರಬೇಕು, ವಾರಕ್ಕೆ ಮೂರು ಮೀರಬಾರದು. ಕೆಲವು ವೈದ್ಯರು, ಎರಡು ಗಂಟೆಗೂ ಇಳಿಯದಿದ್ದರೆ ಏನು ಮಾಡಬೇಕೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಹೇಳದಿದ್ದರೆ ನೀವೇ ಕೇಳಿ. ಯಾರೋ ಸ್ನೇಹಿತ ಹೇಳಿದನೆಂದು ನಿಮಿರುವಿಕೆ ಇಳಿಸಲು ನೆಗಡಿಯ ಮಾತ್ರೆ ನುಂಗಬೇಡಿ. ಬಿಪಿ, ಹೃದಯದ ತೊಂದರೆಯಿರುವವರಿಗೆ ಅದೇ ಇನ್ನೊಂದು ಅಪಾಯ ತಂದೀತು.

ಸಿರಿಂಜಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ. ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇನ್ಸುಲಿನ್ ಸಿರಿಂಜನ್ನೇ ಬಳಸುತ್ತಾರೆ. ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಅದು ಎರಡು ಬಗೆಯದು ಸಿಗುತ್ತದೆ: ಕೆಂಪು ಮುಚ್ಚಳದ 40ರದ್ದು, ಕಿತ್ತಳೆ ಮುಚ್ಚಳದ 100ರದ್ದು. ಒಂದು ಮಿಲಿಲೀಟರನ್ನು ಮೊದಲನೆಯದು 40 ಗೆರೆಯಾಗಿ ಹಂಚಿದರೆ ಎರಡನೆಯದು 100 ಗೆರೆಯಾಗಿ ಹಂಚುತ್ತದೆ. ‘ಹತ್ತು ಯೂನಿಟ್’ ಎಂದರೆ ಕಿತ್ತಳೆ ಮುಚ್ಚಳದ್ದರಲ್ಲಿ 0.1 ಮಿಲಿಲೀಟರ್, ಕೆಂಪು ಮುಚ್ಚಳದ್ದರಲ್ಲಿ 0.25 ಮಿಲಿಲೀಟರ್. ಒಂದೇ ಮಾತು, ಔಷಧ ಎರಡೂವರೆ ಪಟ್ಟು! ಸಕ್ಕರೆ ಕಾಯಿಲೆಯಿಂದ ಮನೆಯಲ್ಲಿ ಈಗಾಗಲೇ ಸಿರಿಂಜು ಇಟ್ಟುಕೊಂಡಿರುವವರು ಇಲ್ಲಿ ಎಡವುವುದು ತೀರ ಸುಲಭ. ವೈದ್ಯರು ಪ್ರಮಾಣವನ್ನು ಮಿಲಿಲೀಟರಿನಲ್ಲಿ ಬರೆದುಕೊಡಲಿ. ಅವರು ತೋರಿಸಿದ ಬಣ್ಣದ ಮುಚ್ಚಳದ್ದನ್ನೇ ಪ್ರತಿಸಲ ಕೊಳ್ಳಿ.

ಮೊದಲ ಡೋಸನ್ನು ವೈದ್ಯರ ಕೋಣೆಯಲ್ಲೇ ತೆಗೆದುಕೊಳ್ಳಬೇಕು, ನಿಮಿರುವಿಕೆ ಇಳಿಯುವ ತನಕ ಅಲ್ಲೇ ಇರಬೇಕು. ಕಡಿಮೆಯಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ. ಅಲ್ಪ್ರೊಸ್ಟಡಿಲನ್ನು 2.5 ಮೈಕ್ರೋಗ್ರಾಂನಿಂದ ಆರಂಭಿಸುವುದು ರೂಢಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಅದರ ಅರ್ಧ, 1.25, ಏಕೆಂದರೆ ಅವರ ದೇಹ ಈ ಔಷಧಕ್ಕೆ ಬಲು ಬೇಗ ಸ್ಪಂದಿಸುತ್ತದೆ. ವಯಸ್ಸು ಚಿಕ್ಕದಾಗಿದ್ದು ರಕ್ತನಾಳ ಗಟ್ಟಿಯಿರುವವರಿಗೂ ಇಳಿಯದೆ ಉಳಿಯುವ ಅಪಾಯ ಹೆಚ್ಚು. ಇದಾವುದನ್ನೂ ವಿಚಾರಿಸದೆ ಮೊದಲ ದಿನವೇ ಬಾಟಲಿ ಕೈಗಿತ್ತು ಕಳಿಸುವವರ ಬಳಿಗೆ ಮತ್ತೆ ಹೋಗಬೇಡಿ.

ಈ ಇಂಜೆಕ್ಷನ್ ಕೂಡದೇ ಕೂಡದು ಎನ್ನಬೇಕಾದ ಜನರೂ ಇದ್ದಾರೆ. ರಕ್ತದ ಕ್ಯಾನ್ಸರ್ ಇರುವವರು, ಮಲ್ಟಿಪಲ್ ಮೈಲೋಮ ಇರುವವರು, ಮತ್ತು ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯಿರುವವರು. ಸಿಕಲ್ ಸೆಲ್ ಇಲ್ಲಿ ನಮಗೆ ದೂರದ ಮಾತಲ್ಲ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಕುಟುಂಬಗಳಲ್ಲಿ ಅದು ಇದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಕಾಯಿಲೆಯಾಗಿ ಕಾಣಿಸದೆ ಬರೀ ಅಂಶ ಮಾತ್ರ ಇರುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಆ ಕುಟುಂಬಗಳ ತಮ್ಮಂದಿರೇ, ರಕ್ತಪರೀಕ್ಷೆ ಮಾಡಿಸದೆ ಸೂಜಿ ಮುಟ್ಟಬೇಡಿ.

ಇನ್ನು ಸಣ್ಣ ತೊಂದರೆಗಳು. ಎಲ್ಲಕ್ಕಿಂತ ಸಾಮಾನ್ಯವಾದದ್ದು ನೋವು. ಸೂಜಿಯದ್ದಲ್ಲ, ಸೂಜಿ ಕೂದಲೆಳೆಯಷ್ಟು ತೆಳುವಿರುತ್ತದೆ; ಔಷಧವೇ ತರುವ ಮಂದ ನೋವು. 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ, ಆರು ತಿಂಗಳ ಒಂದು ಅಧ್ಯಯನದಲ್ಲಿ ಅಲ್ಪ್ರೊಸ್ಟಡಿಲ್ ಬಳಸಿದ ಗಂಡಸರಲ್ಲಿ ಅರ್ಧದಷ್ಟು ಜನ ಯಾವಾಗಲಾದರೊಮ್ಮೆ ನೋವು ಕಂಡಿದ್ದರು. ಆದರೆ ಲೆಕ್ಕವನ್ನು ಚುಚ್ಚುಗಳ ಮೇಲೆ ಹಾಕಿದರೆ ನೂರಕ್ಕೆ ಹನ್ನೊಂದರಲ್ಲಿ ಮಾತ್ರ. ಅದೇ ಅಧ್ಯಯನದಲ್ಲಿ ಹೆಚ್ಚು ಹೊತ್ತು ಇಳಿಯದ ತೊಂದರೆ ನೂರಕ್ಕೆ ಐವರಲ್ಲಿ, ಪ್ರಯಾಪಿಸಂ ಒಬ್ಬರಲ್ಲಿ, ಒಳಗೆ ನಾರುಗಟ್ಟಿದ್ದು ಇಬ್ಬರಲ್ಲಿ ಕಂಡಿತು. ಔಷಧವನ್ನು ಬಿಡಬೇಕೆನಿಸುವಷ್ಟು ನೋವಿದ್ದರೆ ವೈದ್ಯರು ಮಿಶ್ರಣ ಬದಲಿಸಬಲ್ಲರು. ಪಾಪವೆರಿನ್, ಫೆಂಟೋಲಮೈನ್, ಅಲ್ಪ್ರೊಸ್ಟಡಿಲ್ ಮೂರನ್ನೂ ಸ್ವಲ್ಪ ಸ್ವಲ್ಪ ಬೆರೆಸಿ ಕೊಡುವ ಪದ್ಧತಿಯಿದೆ. ಬೆರಕೆಯಲ್ಲಿ ಪ್ರತಿಯೊಂದರ ಪ್ರಮಾಣ ಕಡಿಮೆಯಾಗುವುದರಿಂದ ನೋವೂ ಕಡಿಮೆ.

ನಾರುಗಟ್ಟುವುದನ್ನು ಮಾತ್ರ ಸಣ್ಣದೆಂದು ಬಿಡಬೇಡಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಒಳಗೆ ಗಂಟಾಗುತ್ತದೆ, ಬರಬರುತ್ತಾ ಅಂಗ ಒಂದು ಕಡೆಗೆ ಬಾಗುತ್ತದೆ. ಪಾಪವೆರಿನ್ನಿನಲ್ಲಿ ಈ ಅಪಾಯ ಅಲ್ಪ್ರೊಸ್ಟಡಿಲ್‌ಗಿಂತ ಹೆಚ್ಚು. ಪಾಪವೆರಿನ್ ಕೆಲವರ ಲಿವರಿಗೂ ತೊಂದರೆ ಕೊಡುವುದುಂಟು, ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಚುಚ್ಚುವುದು ಯಾವಾಗಲೂ ಪಕ್ಕದಲ್ಲಿ, ಒಂದು ಸಲ ಎಡಕ್ಕಾದರೆ ಮುಂದಿನ ಸಲ ಬಲಕ್ಕೆ. ಮೇಲ್ಭಾಗದಲ್ಲಿ ನರವೂ ರಕ್ತನಾಳವೂ ಇವೆ, ಕೆಳಭಾಗದಲ್ಲಿ ಮೂತ್ರನಾಳವಿದೆ, ಅಲ್ಲಿ ಚುಚ್ಚಬಾರದು. ಚರ್ಮದಡಿ ನೀಲಿಯಾಗಿ ಕಾಣುವ ರಕ್ತನಾಳ ತಪ್ಪಿಸಿ. ತಿಂಗಳಿಗೊಮ್ಮೆ ಬೆರಳಲ್ಲಿ ಮುಟ್ಟಿ ನೋಡಿಕೊಳ್ಳಿ. ಗಂಟು ಕೈಗೆ ಸಿಕ್ಕಿದರೆ ಅಥವಾ ಬಾಗು ಕಂಡರೆ ಇಂಜೆಕ್ಷನ್ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಚುಚ್ಚಿದ ಮೇಲೆ ಹತ್ತಿ ಇಟ್ಟು ಐದು ನಿಮಿಷ ಒತ್ತಿ ಹಿಡಿಯಬೇಕು. ಹೃದಯಕ್ಕೆಂದು ಎಕೋಸ್ಪ್ರಿನ್ ಅಥವಾ ರಕ್ತ ತೆಳು ಮಾಡುವ ಬೇರೆ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಹೆಚ್ಚು ಹೊತ್ತು. ಇಲ್ಲದಿದ್ದರೆ ರಕ್ತ ಚರ್ಮದಡಿ ಹರಡಿ ನೀಲಿಗಟ್ಟುತ್ತದೆ, ನೋಡಿದವರಿಗೆ ಗಾಬರಿ. ಕೆಲವರಿಗೆ ಬಿಪಿ ಇಳಿದು ತಲೆಸುತ್ತು ಬರುತ್ತದೆ, ಆಗ ಕಾಲು ಎತ್ತರಕ್ಕಿಟ್ಟು ಮಲಗಿ. ಪ್ರತಿಸಲವೂ ಹೊಸ ಸಿರಿಂಜು. ಬಳಸಿದ್ದನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಹಾಕಿಟ್ಟು ಆಸ್ಪತ್ರೆಗೆ ಒಪ್ಪಿಸಿ. ಕಸದ ಬುಟ್ಟಿಗೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಔಷಧ ಮಬ್ಬಾಗಿದ್ದರೆ, ಬಣ್ಣ ತಿರುಗಿದ್ದರೆ ಚೆಲ್ಲಿ. ಬೆರಕೆ ಔಷಧವನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಿಸಿಲಲ್ಲಿ ನಿಂತ ಬಸ್ಸಿನಲ್ಲಿ ತಂದದ್ದು ಕೆಲಸ ಮಾಡಲಿಲ್ಲವೆಂದು ಪ್ರಮಾಣ ಏರಿಸಿ, ಮುಂದಿನ ಹೊಸ ಬಾಟಲಿಯಲ್ಲೂ ಅದೇ ಪ್ರಮಾಣ ತೆಗೆದುಕೊಂಡರೆ ಅನಾಹುತವಾಗುತ್ತದೆ.

ಬಸ್ ಸ್ಟ್ಯಾಂಡಿನ ಗೋಡೆ, ಶೌಚಾಲಯದ ಬಾಗಿಲು, ರೈಲ್ವೆ ಗೇಟಿನ ಕಂಬಗಳ ಮೇಲೆ ‘ಗುಪ್ತರೋಗ’ದ ಜಾಹೀರಾತು ಅಂಟಿಸುವವರನ್ನು ನೀವೂ ಕಂಡಿದ್ದೀರಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಮಾಡುವುದನ್ನು 1954ರ ಮಾಂತ್ರಿಕ ಔಷಧಗಳ ಕಾಯ್ದೆ ನಿಷೇಧಿಸಿ ಎಷ್ಟು ಕಾಲವಾಯಿತು! ಆದರೂ ಆ ಅಂಗಡಿಗಳು ನಡೆಯುತ್ತಿರುವುದು ನಮ್ಮ ನಾಚಿಕೆಯ ಮೇಲೆ. ಅಲ್ಲಿ ಕೊಡುವ ಬಾಟಲಿಯ ಮೇಲೆ ಹೆಸರಿರುವುದಿಲ್ಲ. ಒಳಗೇನಿದೆ ಎಂದು ಗೊತ್ತಿಲ್ಲದೆ ನೀವು ಕ್ಯಾಷುಯಲ್ಟಿಗೆ ಬಂದರೆ ವೈದ್ಯರೂ ಕತ್ತಲಲ್ಲಿ ತಡಕಬೇಕಾಗುತ್ತದೆ. ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಬರೆದಿರದ ಯಾವುದನ್ನೂ ಮೈಗೆ ಚುಚ್ಚಿಕೊಳ್ಳಬೇಡಿ. ಹೋಗಬೇಕಾದ್ದು ಮೂತ್ರರೋಗ ತಜ್ಞರ ಬಳಿಗೆ.

ಅವರ ಬಳಿ ಹೋಗಲು ಇನ್ನೊಂದು ಕಾರಣವಿದೆ. ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವು, ಕೊಬ್ಬು ಕಟ್ಟಿದರೆ ಅವೇ ಮೊದಲು ದೂರು ಹೇಳುತ್ತವೆ. ನಿಮಿರು ದೌರ್ಬಲ್ಯ ಕಾಣಿಸಿದ ಕೆಲವೇ ವರ್ಷಗಳಲ್ಲಿ ಹೃದಯಾಘಾತವಾದ ಗಂಡಸರು ಕಡಿಮೆಯಿಲ್ಲ. ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ನೋಡಿಸದೆ ಬರೀ ಇಂಜೆಕ್ಷನ್ನಿನ ಮೇಲೆ ನಿಂತರೆ ಎಚ್ಚರಿಕೆಯ ಗಂಟೆಯನ್ನು ಕೇಳಿಯೂ ಕೇಳದಂತೆ ಇದ್ದಹಾಗೆ.

ಮನೆಯವರಿಗೆ ಹೇಳಿ. ಬಚ್ಚಲಮನೆಯಲ್ಲಿ ಗುಟ್ಟಾಗಿ ಚುಚ್ಚಿಕೊಂಡು ಬರುವವರ ಹೆಂಡತಿಗೆ, ಗಂಡ ನಡುರಾತ್ರಿ ನೋವಿನಿಂದ ಒದ್ದಾಡುವಾಗ ಏನಾಯಿತೆಂದೇ ತಿಳಿಯುವುದಿಲ್ಲ. ತಿಳಿದವರು ಮಾತ್ರ ಹೊತ್ತಿಗೆ ಸರಿಯಾಗಿ ‘ಏಳಿ, ಹೊರಡೋಣ’ ಅಂದಾರು. ನನ್ನ ಅನುಭವದಲ್ಲಿ ಬೇಗ ಬಂದವರೆಲ್ಲ ಜೊತೆಗೆ ಹೆಂಡತಿಯನ್ನು ಕರೆದುಕೊಂಡು ಬಂದವರೇ. ಆಕೆಗೂ ಈ ಸಂಬಂಧದಲ್ಲಿ ಪಾಲಿದೆ, ಅಪಾಯ ತಿಳಿಯುವ ಹಕ್ಕೂ ಇದೆ.

ಇವತ್ತೇ ಒಂದು ಕೆಲಸ ಮಾಡಿ. ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ: ಔಷಧದ ಹೆಸರು, ಮಿಲಿಲೀಟರಿನಲ್ಲಿ ಪ್ರಮಾಣ, ನಿಮಗಿರುವ ಬೇರೆ ಕಾಯಿಲೆ ಮತ್ತು ಮಾತ್ರೆಗಳು, ರಾತ್ರಿಹೊತ್ತಿನಲ್ಲೂ ತುರ್ತು ಚಿಕಿತ್ಸೆಯಿರುವ ಹತ್ತಿರದ ಆಸ್ಪತ್ರೆ. ಅದನ್ನು ಪರ್ಸಿನಲ್ಲಿಡಿ. ಚುಚ್ಚಿಕೊಂಡಾಗಲೆಲ್ಲ ಹೊತ್ತು ಎಷ್ಟೆಂದು ನೋಡಿ ನೆನಪಿಟ್ಟುಕೊಳ್ಳಿ. ತೊಂದರೆಯಾದರೆ ಬಾಗಿಲಲ್ಲಿ ಸಿಗುವ ಸಿಬ್ಬಂದಿಗೆ ಹೊಟ್ಟೆನೋವು ಎನ್ನಬೇಡಿ. ‘ನಿಮಿರುವಿಕೆಗೆ ಇಂಜೆಕ್ಷನ್ ತಗೊಂಡಿದ್ದೆ, ಇಷ್ಟು ಗಂಟೆಯಾಯಿತು, ಇಳಿದಿಲ್ಲ’ ಎನ್ನಿ. ಹೇಳಲು ಬಾಯಿ ಬಾರದಿದ್ದರೆ ಆ ಚೀಟಿಯನ್ನು ಕೈಗೆ ಕೊಡಿ. ಮುಂದಿನದ್ದು ಆಸ್ಪತ್ರೆಯವರ ಕೆಲಸ.

ಇತಿ ನಿಮ್ಮವ,
ಒಬ್ಬ ನಿವೃತ್ತ ಶುಶ್ರೂಷಕ